ಐದು ವರ್ಷದ ಸವಾರಿ, ಎಂಟು ತಿಂಗಳ ಸದ್ದು: ನನ್ನ ಹೈಬ್ರಿಡ್ ಸೈಕಲ್ಲಿನ ವಿಮರ್ಶೆ

ಈ ಸೈಕಲ್ಲು ನನ್ನ ಕೈಗೆ ಬಂದು ಐದು ವರ್ಷವಾಯಿತು. ಅಲ್ಯೂಮಿನಿಯಂ ಫ್ರೇಮು, ನೇರ ಹ್ಯಾಂಡಲ್ಲು, ಡಿಸ್ಕ್ ಬ್ರೇಕು, ಗೇರಿನ ಕೇಬಲ್ಲು ಫ್ರೇಮಿನ ಒಳಗಿಂದಲೇ ಹಾದುಹೋಗುವ ಮಾದರಿ. ಕೆಲಸಕ್ಕೆ ಹೋಗಿಬರಲು ದಿನಕ್ಕೆ ಹದಿನೆಂಟು ಕಿಲೋಮೀಟರು, ರಜೆಯ ದಿನ ಇನ್ನಷ್ಟು. ಮೀಟರು 21,000 ದಾಟಿದೆ. ಕೊಂಡ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಬಣ್ಣ, ತೂಕ, ಗೇರು ಬೀಳುವ ನುಣುಪು ಇವನ್ನೇ ಹೊಗಳಿರುತ್ತಿದ್ದೆ. ಈಗ ಹೇಳಬೇಕಾದದ್ದು ಬೇರೆ ಇದೆ. ಎರಡನೆಯ ವರ್ಷ ಫ್ರೇಮಿನೊಳಗೆ ಸೇರಿಕೊಂಡ ಒಂದು ಲೋಹದ ಚೂರು ಎಂಟು ತಿಂಗಳು ನನ್ನ ಜೊತೆಗೇ ಓಡಾಡಿತು. ಈ ಫ್ರೇಮು ಎಷ್ಟು ಒಳ್ಳೆಯದು, ಎಲ್ಲಿ ಎಡವಿದೆ ಎಂಬುದು ನನಗೆ ಸರಿಯಾಗಿ ಗೊತ್ತಾದದ್ದು ಅದನ್ನು ಹೊರತೆಗೆಯುವಾಗ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬೆಸುಗೆ ಎಲ್ಲೂ ಬಿಟ್ಟಿಲ್ಲ. ಚೈನು ಬಡಿಯುವ ಜಾಗ ಒಂದನ್ನು ಬಿಟ್ಟರೆ ಬಣ್ಣ ಹಾಗೇ ಇದೆ. ಕೂರುವ ಭಂಗಿ ನನ್ನ ಬೆನ್ನಿಗೆ ಒಗ್ಗಿದೆ. ಚೈನು ಮೂರು ಸಲ, ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು, ಅಂದರೆ ಕ್ಯಾಸೆಟ್ಟು ಒಂದು ಸಲ, ಹ್ಯಾಂಡಲ್ ಕೆಳಗಿನ ಬೇರಿಂಗು ಒಂದು ಸಲ ಬದಲಾಯಿಸಿದ್ದೇನೆ. ಇಷ್ಟು ಓಡಿಸಿದ ಮೇಲೆ ಅದನ್ನೆಲ್ಲ ದೂರು ಅನ್ನಲಾಗದು.

ಎರಡನೆಯ ಮಳೆಗಾಲ ಮುಗಿದಾಗ ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲಿನ ಕಡೆಗೆ ಓರೆಯಾಗಿ ಇಳಿಯುವ ಕೊಳವೆ) ಮೇಲಿದ್ದ, ನೀರಿನ ಬಾಟಲಿ ಹಿಡಿಯುವ ಕೇಜನ್ನು ತೆಗೆಯಬೇಕಾಯಿತು. ಕೆಳಗಿನ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅಲೆನ್ ಕೀ ಹಾಕಿ ತಿರುಗಿಸಿದರೆ ಬೋಲ್ಟು ಬಿಚ್ಚಿಕೊಳ್ಳಲಿಲ್ಲ, ಅದನ್ನು ಹಿಡಿದಿದ್ದ ನಟ್ಟೇ ಸುತ್ತತೊಡಗಿತು. ಕೊಳವೆಯ ಗೋಡೆ ತೆಳುವಾದ್ದರಿಂದ ಅದರಲ್ಲೇ ಥ್ರೆಡ್ಡು ಕೊರೆದರೆ ನಿಲ್ಲುವುದಿಲ್ಲ. ಅದಕ್ಕೇ 7 ಮಿ.ಮೀ.ನಷ್ಟು ತೂತು ಮಾಡಿ ರಿವ್‌ನಟ್ ಎಂಬ ಪುಟ್ಟ ನಟ್ಟನ್ನು ಕೂರಿಸಿರುತ್ತಾರೆ. ಉಪಕರಣ ಹಾಕಿ ಹೊರಗಿನಿಂದ ಎಳೆದಾಗ ಅದರ ಹಿಂಭಾಗ ಕೊಳವೆಯೊಳಗೆ ಉಬ್ಬಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಆ ಹಿಡಿತ ತಪ್ಪಿದರೆ ನಟ್ಟು ನಿಂತಲ್ಲೇ ತಿರುಗುತ್ತದೆ. ಆ ಬೋಲ್ಟಿಗೆ ನಾನು ಒಮ್ಮೆಯೂ ಗ್ರೀಸು ಹಚ್ಚಿರಲಿಲ್ಲ. ಆ ತಪ್ಪು ನನ್ನದೇ.

ಮೆಕ್ಯಾನಿಕ್ ಹತ್ತಿರ ಒಯ್ದೆ. ನಟ್ಟಿನ ಅಂಚನ್ನು ಡ್ರಿಲ್ಲಿನಿಂದ ಕೊರೆದು ಹಾಕಿ, ಅದೇ ಜಾಗದಲ್ಲಿ ಹೊಸದನ್ನು ಅಚ್ಚುಕಟ್ಟಾಗಿ ಕೂರಿಸಿಕೊಟ್ಟರು. ಹಳೆಯ ನಟ್ಟು ಏನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೂರು ವಾರ ಏನೂ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ರಸ್ತೆಯುಬ್ಬು ಇಳಿಯುವಾಗ ಕಾಲಿನ ಹತ್ತಿರ ಎಲ್ಲೋ 'ಟಿಣ್' ಅಂತು. ಮುಂದಿನ ಉಬ್ಬಿನಲ್ಲಿ ಮತ್ತೆ. ವಾರ ಕಳೆಯುವಷ್ಟರಲ್ಲಿ ಸಣ್ಣ ತಗ್ಗಿಗೂ ಲೊಟಲೊಟ. ಸೈಕಲ್ಲು ಓಡಿಸುವವರಿಗೆ ಗೊತ್ತು, ಇಂಥ ಸದ್ದು ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಬೇರೇನೂ ಕೇಳಿಸುವುದಿಲ್ಲ. ಮನಸ್ಸೆಲ್ಲ ಅಲ್ಲೇ ಇರುತ್ತದೆ.

ನಾನು ಹುಡುಕಿದ್ದು ತಪ್ಪು ಜಾಗಗಳಲ್ಲಿ. ಫ್ರೇಮು ಎಂದರೆ ಟೊಳ್ಳು ಕೊಳವೆಗಳ ಗೂಡು. ಒಂದು ಮೂಲೆಯ ಸದ್ದು ಇನ್ನೊಂದು ಮೂಲೆಯಿಂದ ಬಂದಂತೆ ಕೇಳುತ್ತದೆ. ಮೊದಲು ಬಾಟಲಿ ತೆಗೆದು ಓಡಿಸಿದೆ. ಟ್ಯೂಬಿನ ವಾಲ್ವಿಗೆ ಹಾಕಿದ ಸಣ್ಣ ನಟ್ಟು ಸಡಿಲವಾಗಿ ರಿಮ್ಮಿಗೆ ಬಡಿಯುವುದು ತೀರ ಸಾಮಾನ್ಯ, ಅದನ್ನೂ ಬಿಗಿ ಮಾಡಿದೆ. ಸ್ಪೋಕ್ಸ್ ಕಡ್ಡಿಯ ತುದಿಯ ನಿಪ್ಪಲ್ಲು ಮುರಿದು ರಿಮ್ಮಿನೊಳಗೆ ಬಿದ್ದಿದ್ದರೂ ಇಂಥದೇ ಸದ್ದು ಬರುತ್ತದೆ. ಚಕ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಧಾನ ತಿರುಗಿಸಿದರೆ, ಆ ಚೂರು ರಿಮ್ಮಿನ ಜೊತೆ ಮೇಲೇರಿ ಜಾರಿ ಬೀಳುವುದು ಸುತ್ತುಸುತ್ತಿಗೂ ಕೇಳಿಸುತ್ತದೆ. ನನ್ನ ಎರಡೂ ಚಕ್ರ ಸದ್ದಿಲ್ಲದೆ ತಿರುಗಿದವು. ಸೀಟಿನ ಕೆಳಗಿನ ಬೋಲ್ಟು, ಬ್ರೇಕ್ ಪ್ಯಾಡು, ಬೆಲ್ಲು, ಮಡ್‌ಗಾರ್ಡು ಎಲ್ಲ ಮುಟ್ಟಿ ನೋಡಿದೆ. ಒಂದು ತಿಂಗಳು ಇದರಲ್ಲೇ ಹೋಯಿತು.

ಕೊನೆಗೆ ಗೊತ್ತಾದದ್ದು ಸೈಕಲ್ಲನ್ನು ಎತ್ತಿ ಮೆಟ್ಟಿಲು ಹತ್ತುವಾಗ. ಮುಂದಿನ ಚಕ್ರ ಮೇಲಕ್ಕಾಗುತ್ತಿದ್ದಂತೆ ಡೌನ್ ಟ್ಯೂಬಿನ ಉದ್ದಕ್ಕೂ ಏನೋ 'ಸರ್ರ್' ಎಂದು ಜಾರಿ, ಪೆಡಲಿನ ಹತ್ತಿರ 'ಟಕ್' ಎಂದು ನಿಂತಿತು. ಅಲ್ಲೇ ನಿಂತು ಮುಂಭಾಗ ಇಳಿಸಿ ಹಿಂದಿನ ಚಕ್ರ ಎತ್ತಿದೆ. ಮತ್ತೆ ಅದೇ ಸರ್ರ್, ಈ ಸಲ ಹ್ಯಾಂಡಲ್ ಕಡೆಗೆ.

ಈ ಪರೀಕ್ಷೆಯನ್ನು ಎಲ್ಲರೂ ಮೊದಲೇ ಮಾಡಿಕೊಳ್ಳಬೇಕು. ಸೈಕಲ್ಲನ್ನು ಕುಟ್ಟಿದರೆ, ಕುಣಿಸಿದರೆ ಎಲ್ಲ ಬಿಡಿಭಾಗವೂ ಸದ್ದು ಮಾಡಿ ದಾರಿ ತಪ್ಪಿಸುತ್ತದೆ. ನಿಧಾನವಾಗಿ ವಾಲಿಸಿ, ಉಸಿರು ಬಿಗಿಹಿಡಿದು ಕೇಳಬೇಕು. ವಾಲಿಸಿದ ಒಂದು ಕ್ಷಣದ ಮೇಲೆ ಏನಾದರೂ ಜಾರಿದರೆ ಒಳಗೆ ಬಿಡಿ ಚೂರಿದೆ. ವಾಲಿಸಿದಾಗ ಸುಮ್ಮನಿದ್ದು ಅಲುಗಿಸಿದಾಗ ಮಾತ್ರ ಪಟಪಟ ಅಂದರೆ ಅದು ಬಹುಮಟ್ಟಿಗೆ ಒಳಗಿನ ಕೇಬಲ್ಲು ಗೋಡೆಗೆ ಬಡಿಯುವ ಸದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಹಳೆಯ ನಟ್ಟು ಏನಾಯಿತೆಂದು ಮೆಕ್ಯಾನಿಕ್ಕನ್ನು ಕೇಳಿದಾಗ, "ಒಳಗೇ ಬಿದ್ದಿರತ್ತೆ ಅಕ್ಕ, ಏನೂ ಆಗಲ್ಲ ಬಿಡಿ" ಅಂದರು. ಅಷ್ಟು ಸಣ್ಣ ಚೂರಿನಿಂದ ಫ್ರೇಮು ಮುರಿಯುವುದಿಲ್ಲ ಎನ್ನುವುದು ಸರಿಯೇ. ಆದರೂ ನನಗೆ ಸಮಾಧಾನವಾಗಲಿಲ್ಲ. ಚೂಪು ಅಂಚಿನ ಲೋಹ ಕೇಬಲ್ಲಿನ ಹೊದಿಕೆಗೆ ದಿನವೂ ಉಜ್ಜುತ್ತಿರುತ್ತದೆ. ಕಬ್ಬಿಣದ ಚೂರು ಒದ್ದೆ ಅಲ್ಯೂಮಿನಿಯಂ ಮೇಲೆ ಕೂತಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಸದ್ದಿಗೆ ಒಗ್ಗಿಹೋದರೆ ನಾಳೆ ಹೊಸ ಸದ್ದು ಹುಟ್ಟಿದಾಗ ಅದು ನಮ್ಮ ಕಿವಿಗೆ ಬೀಳುವುದಿಲ್ಲ. ಕಾರ್ಬನ್ ಫ್ರೇಮಿನವರಿಗಂತೂ ಬಿದ್ದ ಮೇಲೆ ಒಳಗೆ ಹೊಸದಾಗಿ ಲೊಟಲೊಟ ಶುರುವಾದರೆ ಓಡಿಸುವುದನ್ನು ನಿಲ್ಲಿಸಿ ತೋರಿಸಿ ಎಂದೇ ಹೇಳುತ್ತೇನೆ.

ಚೂರು ಬಂದ ದಾರಿಯಲ್ಲೇ ಹೊರಗೆ ಬರಲಾರದು. ಕೂರಿಸುವಾಗ ಉಬ್ಬಿದ ಹಿಂಭಾಗ ತೂತಿಗಿಂತ ದಪ್ಪ. ಹುಂಡಿಯೊಳಗಿನ ನಾಣ್ಯದ ಹಾಗೆ ಅಲುಗಾಡಿಸಿದರೆ ಸದ್ದಷ್ಟೇ. ಉಳಿದ ಬಾಗಿಲುಗಳು ಎರಡು: ಮೇಲೆ ಹ್ಯಾಂಡಲ್ ಕಡೆ, ಕೆಳಗೆ ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಕಡೆ. ಸೀಟ್ ಪೋಸ್ಟ್ (ಸೀಟು ಹೊತ್ತ ಕಂಬಿ) ಕಿತ್ತು ಸೈಕಲ್ಲು ತಲೆಕೆಳಗೆ ಮಾಡಿದರೆ ಅದು ಕೂರುವ ಸೀಟ್ ಟ್ಯೂಬಿನಲ್ಲಿ ಬಿದ್ದದ್ದು ಉದುರುತ್ತದೆ, ಡೌನ್ ಟ್ಯೂಬಿನಲ್ಲಿ ಬಿದ್ದದ್ದು ಬರುವುದಿಲ್ಲ. ನಾನು ಅದನ್ನೂ ಮಾಡಿ ನೋಡಿ ತೋಳು ನೋಯಿಸಿಕೊಂಡೆ.

ದಾರಿ ತೋರಿಸಿದ್ದು ಒಂದು ಅಯಸ್ಕಾಂತ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಅದರ ಸೆಳೆತ ಕೊಳವೆಯ ಗೋಡೆ ದಾಟಿ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಬೆರಳಿನ ಉಗುರಷ್ಟು ಅಗಲದ, ಆದರೆ ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ, ಬಣ್ಣ ಗೀಚದಂತೆ ಡೌನ್ ಟ್ಯೂಬಿನ ಕೆಳಮೈಯಲ್ಲಿ ಮೆಲ್ಲಗೆ ಎಳೆದೆ. ಒಂದು ಜಾಗದಲ್ಲಿ ಒಳಗಿನಿಂದ 'ಟಪ್' ಎಂದು ಏನೋ ಬಂದು ಅಂಟಿತು. ಅಯಸ್ಕಾಂತ ಸರಿಸಿದಂತೆಲ್ಲ ಗೋಡೆಯ ಆಚೆ ಅದೂ ಸರಿಯುತ್ತಿರುವುದು ಬೆರಳಿಗೆ ತಿಳಿಯುತ್ತಿತ್ತು. ಆ ಕ್ಷಣದ ಖುಷಿಯನ್ನು ನಾನು ಮರೆತಿಲ್ಲ. ಚೂರು ಸ್ಟೀಲಿನದಾಗಿದ್ದರಿಂದ ಇದು ನಡೆಯಿತು. ಅಲ್ಯೂಮಿನಿಯಂ ರಿವ್‌ನಟ್ ಆಗಿದ್ದರೆ ನಡೆಯುತ್ತಿರಲಿಲ್ಲ.

ಆಗ ಬಾಟಮ್ ಬ್ರಾಕೆಟ್ ಬಿಚ್ಚುವ ಸಲಕರಣೆ ನನ್ನ ಬಳಿ ಇರಲಿಲ್ಲ. ಅಯಸ್ಕಾಂತವನ್ನು ಕೊಳವೆಯ ಕೆಳಮೈಗೆ ಟೇಪು ಸುತ್ತಿ ಅಲ್ಲೇ ಬಿಟ್ಟೆ. ಮರುದಿನದಿಂದ ಸದ್ದು ನಿಂತಿತು. ಇದು ತಾತ್ಕಾಲಿಕ ಉಪಾಯ, ಆದರೆ ಐದೂವರೆ ತಿಂಗಳು ಮಳೆ ಬಿಸಿಲಿನಲ್ಲಿ ಒಮ್ಮೆಯೂ ಕೈಕೊಡಲಿಲ್ಲ. ಈ ನಡುವೆ ಹಲವರು ಹೇಳಿದ ಇನ್ನೊಂದು ಉಪಾಯ, ಕೊಳವೆಯೊಳಗೆ ಉಬ್ಬುವ ಫೋಮು ತುಂಬಿಸಿಬಿಡುವುದು. ದಯವಿಟ್ಟು ಮಾಡಬೇಡಿ. ಒಮ್ಮೆ ಗಟ್ಟಿಯಾದರೆ ಅದನ್ನು ತೆಗೆಯಲಾಗದು, ಒಳಗೆ ಇಳಿದ ನೀರು ಹರಿದುಹೋಗಲು ದಾರಿ ಇರುವುದಿಲ್ಲ, ಕೇಬಲ್ಲು ಬದಲಾಯಿಸುವ ದಾರಿಯೂ ಮುಚ್ಚುತ್ತದೆ. ಬೆಸುಗೆಯ ಸಣ್ಣ ಗುಂಡು ಉದುರಿದ್ದರೆ ದಪ್ಪ ಗ್ರೀಸು ಬಿಟ್ಟು ಅದನ್ನು ಒಂದೆಡೆ ಅಂಟಿಸಬಹುದು, ಅದು ಸರಿಯೇ. ನನ್ನದು ಅಂಗಿಯ ಗುಂಡಿಯಷ್ಟು ದೊಡ್ಡ ಲೋಹ.

ಸಲಕರಣೆ ಸಿಕ್ಕ ಮೇಲೆ ಒಂದು ರಜೆಯ ದಿನ ಕೂತೆ. ಪೆಡಲನ್ನು ಹೊತ್ತ ತೋಳು, ಅಂದರೆ ಎಡ ಕ್ರ್ಯಾಂಕಿನ ಎರಡು ಬೋಲ್ಟನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಸಡಿಲಿಸಿ ಕ್ರ್ಯಾಂಕು ಎಳೆದೆ. ಪೆಡಲಿನ ಅಚ್ಚನ್ನು ಎರಡು ಬದಿಯಲ್ಲಿ ಹಿಡಿದಿರುವ, ಬಟ್ಟಲಿನಂಥ ಬೇರಿಂಗ್ ಕಪ್ಪುಗಳಲ್ಲಿ ಒಂದು ಎಚ್ಚರ ಬೇಕು: 68 ಮಿ.ಮೀ. ಅಗಲದ ಈ ಥ್ರೆಡ್ಡಿನ ಮಾದರಿಯಲ್ಲಿ ಚೈನಿನ ಕಡೆಯ ಕಪ್ಪಿನ ಥ್ರೆಡ್ಡು ತಿರುವುಮುರುವು. ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಬಲ ಹಾಕಿದರೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ.

ಕಪ್ಪುಗಳ ನಡುವಿನ ಪ್ಲಾಸ್ಟಿಕ್ ಕೊಳವೆ ಹೊರಬಂದದ್ದೇ ಒಂದು ಲೋಟ ತುಂಬುವಷ್ಟಲ್ಲದಿದ್ದರೂ ಕೈ ಒದ್ದೆಯಾಗುವಷ್ಟು ನೀರು ಸುರಿಯಿತು. ಜೊತೆಗೆ ಬೂದುಬಣ್ಣದ ಡ್ರಿಲ್ಲಿನ ಪುಡಿ, ಗೋಡೆಗೆ ಅಂಟಿದ ಬಿಳಿ ಹುಡಿ. ಆ ಬಿಳಿ ಹುಡಿಯೇ ಅಲ್ಯೂಮಿನಿಯಂ ಸವೆದ ಗುರುತು. ಅಡಿಯಲ್ಲಿ ನೀರು ಇಳಿಯಲೆಂದು ಬಿಟ್ಟ ಸಣ್ಣ ತೂತು ಕೆಸರಿನಿಂದ ಮುಚ್ಚಿಹೋಗಿತ್ತು. ಡೌನ್ ಟ್ಯೂಬಿನಿಂದ ಇತ್ತ ತೆರೆದುಕೊಳ್ಳುವ ಕಿಂಡಿ ಕಿರುಬೆರಳು ತೂರುವಷ್ಟು ಅಗಲ. ಹೊರಗಿನ ಅಯಸ್ಕಾಂತದಿಂದ ಚೂರನ್ನು ಕಿಂಡಿಯ ಬಾಯಿಗೆ ತಂದು, ಅಯಸ್ಕಾಂತದ ತುದಿಯ ಕಡ್ಡಿಯನ್ನು ಒಳಗೆ ತೂರಿಸಿದೆ. ಮೂರನೆಯ ಪ್ರಯತ್ನದಲ್ಲಿ ಬಂತು. ಒಂದು ಬದಿ ಡ್ರಿಲ್ಲು ಕಚ್ಚಿದ ಗಾಯ, ನಡುವೆ ಉಬ್ಬಿದ ಹೊಟ್ಟೆ, ಉಜ್ಜಿ ಉಜ್ಜಿ ಹೊಳಪು ಬಂದ ಅಂಚು.

ಮತ್ತೆ ಜೋಡಿಸುವಾಗ ಥ್ರೆಡ್ಡಿಗೆ ಗ್ರೀಸು ಹಚ್ಚಿ, ಕಪ್ಪುಗಳನ್ನು ಬಿಗಿದು, ಕ್ರ್ಯಾಂಕಿನ ಬೋಲ್ಟುಗಳನ್ನು ಅದರ ಮೇಲೆಯೇ ಬರೆದಿರುವ 12ರಿಂದ 14 ನ್ಯೂಟನ್ ಮೀಟರಿಗೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಲ್ಲಿ ಕೂರಿಸಿದೆ. ಒಳಗಿನ ಕೇಬಲ್ಲಿಗೆ ತೆಳು ಫೋಮಿನ ಕೊಳವೆಯನ್ನು ತೊಡಿಸಿದೆ. ನಟ್ಟಿನ ಲೊಟಲೊಟದ ಹಿಂದೆ ಕೇಬಲ್ಲಿನ ಪಟಪಟವೂ ಇತ್ತು ಎಂದು ಗೊತ್ತಾದದ್ದು ಅದು ನಿಂತ ಮೇಲೆ. ಅವತ್ತು ಸಂಜೆ ಕೆಟ್ಟ ರಸ್ತೆಯನ್ನೇ ಹುಡುಕಿಕೊಂಡು ಹೋದೆ. ಟೈರು ಉರುಳುವ ಸದ್ದು ಬಿಟ್ಟರೆ ಬೇರೇನಿಲ್ಲ.

ಈ ಸೈಕಲ್ಲಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿತ ಮಾಡಿದ ಒಂದು ಅಂಕ ನೀರಿಳಿಯುವ ತೂತನ್ನು ಅಷ್ಟು ಚಿಕ್ಕದಾಗಿ ಬಿಟ್ಟದ್ದಕ್ಕೆ, ಬಾಟಲಿ ಬೋಲ್ಟುಗಳನ್ನು ಗ್ರೀಸಿಲ್ಲದೆ ಒಣದಾಗಿ ಕೂರಿಸಿ ಕಳಿಸಿದ್ದಕ್ಕೆ. ಆದರೆ ಥ್ರೆಡ್ಡಿನ ಬಾಟಮ್ ಬ್ರಾಕೆಟ್ ಮತ್ತು ಆ ಅಗಲವಾದ ಕಿಂಡಿ ಇಲ್ಲದಿದ್ದರೆ ಚೂರು ಇಂದಿಗೂ ಒಳಗೇ ಇರುತ್ತಿತ್ತು. ಒಳಗೆ ಬಿದ್ದದ್ದನ್ನು ಮನೆಯಲ್ಲೇ ಹೊರತೆಗೆಯಬಹುದಾದ ಫ್ರೇಮು ಎಂಬ ಕಾರಣಕ್ಕೇ ಇದನ್ನು ಮತ್ತೆ ಕೊಳ್ಳುತ್ತೇನೆ. ನೀವು ಕೊಳ್ಳುವಾಗಲೂ ಇದನ್ನು ಕೇಳಿ: ಬಾಟಮ್ ಬ್ರಾಕೆಟ್ ಬಿಚ್ಚಿದರೆ ಡೌನ್ ಟ್ಯೂಬಿನ ಒಳಗೆ ಕೈಯೋ ಕಡ್ಡಿಯೋ ಹೋಗುತ್ತದೆಯೇ?

ಹೋದ ತಿಂಗಳು ಸೀಟ್ ಟ್ಯೂಬಿನ ಮೇಲಿನ ರಿವ್‌ನಟ್ ಕೂಡ ತುಸು ಸಡಿಲಾಗಿದೆ. ಅದನ್ನು ಕೊರೆಯುವ ಮೊದಲು ಸೀಟ್ ಪೋಸ್ಟ್ ತೆಗೆದು, ಸೈಕಲ್ಲನ್ನು ತಲೆಕೆಳಗಾಗಿ ಸ್ಟ್ಯಾಂಡಿಗೆ ಏರಿಸಿ, ತೆರೆದ ಬಾಯಿಯ ಕೆಳಗೆ ಒಂದು ಡಬ್ಬಿ ಇಡುವುದೆಂದು ನಾನೂ ಮೆಕ್ಯಾನಿಕ್ಕೂ ಮಾತಾಡಿಕೊಂಡಿದ್ದೇವೆ.