ಪೀಸಾ ನೋಡುವುದೋ, ಟಿಮ್ಸ್ ನೋಡುವುದೋ?

ಪೀಸಾ, ಟಿಮ್ಸ್ ಎರಡೂ ಹಲವು ದೇಶಗಳ ಮಕ್ಕಳು ಬರೆಯುವ ಅಂತರರಾಷ್ಟ್ರೀಯ ಪರೀಕ್ಷೆಗಳು. ಬೇರೆ ದೇಶದ ಮಕ್ಕಳ ಗಣಿತ ಹೇಗಿದೆ ಎಂದು ತಿಳಿಯಲು ಇವುಗಳಲ್ಲಿ ಯಾವುದನ್ನು ನೋಡಬೇಕು? ಉಡುಪಿಯ ನಮ್ಮ ಗಣಿತ ಟೀಚರ್‌ಗಳ ನಡುವೆ ಈ ಪ್ರಶ್ನೆ ಆಗಾಗ ಬರುತ್ತದೆ.

ಟಿಮ್ಸ್ ಪಾಠಪುಸ್ತಕಕ್ಕೆ ಹತ್ತಿರ. 1995ರಿಂದ ನಾಲ್ಕು ವರ್ಷಕ್ಕೊಮ್ಮೆ, 4 ಮತ್ತು 8ನೇ ತರಗತಿಯವರಿಗೆ ನಡೆಯುತ್ತದೆ. ಭಿನ್ನರಾಶಿ, ಬೀಜಗಣಿತ, ರೇಖಾಗಣಿತ ಎಲ್ಲ ಇರುತ್ತದೆ.

2000ದಲ್ಲಿ ಶುರುವಾದ ಪೀಸಾ ಬೇರೆ ಥರ. 15 ವರ್ಷದವರು ಬರೆಯುತ್ತಾರೆ, ತರಗತಿ ಬೇರೆ ಬೇರೆ ಇದ್ದರೂ ಸರಿ. ಉದಾಹರಣೆಗೆ, ಮಂಗಳೂರಿಂದ ಉಡುಪಿಗೆ ಎರಡು ಬಸ್. ಟಿಕೆಟ್ ದರ ಬೇರೆ, ಹೊತ್ತೂ ಬೇರೆ. ಯಾವುದು ಅನುಕೂಲ? ಇಂಥ ದಿನಬಳಕೆಯ ಲೆಕ್ಕಕ್ಕೆ ಅಲ್ಲಿ ಬೆಲೆ ಜಾಸ್ತಿ.

ಇದರಿಂದ ಸ್ಥಾನವೇ ಅದಲುಬದಲಾಗುತ್ತದೆ. 2011ರ ಟಿಮ್ಸ್‌ನಲ್ಲಿ 8ನೇ ತರಗತಿಯ ಗಣಿತಕ್ಕೆ ರಷ್ಯಾ 539 ಅಂಕ, ಫಿನ್ಲೆಂಡ್ 514. ಮರುವರ್ಷದ ಪೀಸಾದಲ್ಲಿ ಫಿನ್ಲೆಂಡ್ 519, ರಷ್ಯಾ 482! ಆದರೆ ಸಿಂಗಾಪುರ ಎರಡರಲ್ಲೂ ಮುಂದೆ. ಎರಡರ ಅಂಕಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಕಳೆಯಬೇಡಿ, ಅಳತೆಗೋಲೇ ಬೇರೆ.

ತರಗತಿಯಲ್ಲಿ ಎಲ್ಲಿ ಎಡವುತ್ತಿದ್ದೇವೆ ಎಂದು ನೋಡುವ ಟೀಚರ್‌ಗೆ ನಾನು ಟಿಮ್ಸ್ ಹೇಳುತ್ತೇನೆ. ಕಲಿತದ್ದು ಹೊರಗೆ ಕೆಲಸಕ್ಕೆ ಬರುತ್ತದಾ ಎಂಬ ಚಿಂತೆ ಇದ್ದರೆ ಪೀಸಾ. ತಮಿಳುನಾಡು, ಹಿಮಾಚಲ ಪ್ರದೇಶ 2009ರ ಸುತ್ತಿನ ಪೀಸಾ ಬರೆದು ತೀರಾ ಕೆಳಗೆ ಉಳಿದವು. ಆ ಮಕ್ಕಳಿಗೆ ಅಂಥ ಪ್ರಶ್ನೆಗಳ ಅಭ್ಯಾಸ ಎಷ್ಟಿತ್ತು ಎಂಬುದನ್ನೂ ಕೇಳಬೇಕು, ಅಲ್ವಾ?