ಎನ್‌ಪಿಟಿಇಎಲ್ ಕೋರ್ಸುಗಳು: ಕಾರ್ಖಾನೆಯ ನೌಕರನೊಬ್ಬನ ಹಲವು ವರ್ಷಗಳ ಬಳಕೆಯ ನಂತರ

ಪೀಣ್ಯದ ಒಂದು ವಾಹನ ಬಿಡಿಭಾಗಗಳ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿರುವ ನಾನು ಕೆಲವು ವರ್ಷಗಳಿಂದ, ಐಐಟಿಯಂಥ ಸಂಸ್ಥೆಗಳ ಪಾಠಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ಎನ್‌ಪಿಟಿಇಎಲ್‌ನ ಆನ್‌ಲೈನ್ ಕೋರ್ಸುಗಳನ್ನು ಮಾಡುತ್ತ ಬಂದಿದ್ದೇನೆ. ಈ ವೇದಿಕೆಯ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆದವು, ಅವರಿಗೆ ಮುಖ್ಯವಾದದ್ದು ಪದವಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್. ಡಿಪ್ಲೊಮಾ ಅಥವಾ ಬಿಇ ಮುಗಿಸಿ ಹತ್ತು ಹದಿನೈದು ವರ್ಷ ಕಳೆದ ಮೇಲೆ, ತಾವು ಮಾಡುತ್ತಿರುವ ಕೆಲಸದ ಸ್ವರೂಪವೇ ಕಣ್ಣೆದುರು ಬದಲಾಗುತ್ತಿರುವುದನ್ನು ನೋಡುತ್ತಿರುವ ನೌಕರರಿಗೆ ಇದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಕೇಂದ್ರ ಸರ್ಕಾರದ ಹಣಕಾಸಿನ ನೆರವಿನಿಂದ ಆರಂಭಿಸಿದ ಈ ಯೋಜನೆ ಮೊದಲು ಪಾಠಗಳ ವಿಡಿಯೊ ಸಂಗ್ರಹವಾಗಿತ್ತು. ಪರೀಕ್ಷೆ ಮತ್ತು ಪ್ರಮಾಣಪತ್ರಗಳು ಸೇರಿಕೊಂಡದ್ದು 2014ರಲ್ಲಿ. ಈಗ ಕೋರ್ಸುಗಳು ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಕಲಿಕಾ ಜಾಲತಾಣದ ಮೂಲಕ 4, 8 ಅಥವಾ 12 ವಾರಗಳ ಅವಧಿಗೆ, ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಿಂದ ನಡೆಯುತ್ತವೆ. ಸೇರಲು ಹಣ ಕೊಡಬೇಕಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕವಿದೆ. ನಾನು ಪರೀಕ್ಷೆಗಳನ್ನು ಬರೆದಾಗ ಅದು ಕೋರ್ಸಿಗೆ 1,000 ರೂಪಾಯಿ ಇತ್ತು.

ವಿಡಿಯೊಗಳು ಯೂಟ್ಯೂಬ್‌ನಲ್ಲಿ ಯಾರಿಗೆ ಬೇಕಾದರೂ ಸಿಗುವುದರಿಂದ, ಕೋರ್ಸಿಗೆ ಸೇರಿ ನಾವು ಪಡೆಯುವುದು ಮುಖ್ಯವಾಗಿ ಒಂದು ವೇಳಾಪಟ್ಟಿಯನ್ನು. ಪ್ರತಿ ವಾರ ಸುಮಾರು ಎರಡೂವರೆ ಮೂರು ಗಂಟೆಗಳ ಪಾಠ, ಅದರ ಮೇಲೊಂದು ಅಸೈನ್‌ಮೆಂಟ್, ಅದಕ್ಕೊಂದು ಕೊನೆಯ ದಿನ. ಹೆಚ್ಚಿನ ಕೋರ್ಸುಗಳಲ್ಲಿ ಅಂತಿಮ ಅಂಕದಲ್ಲಿ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. 8 ವಾರದ ಕೋರ್ಸಿನಲ್ಲಿ ಅತ್ಯುತ್ತಮವಾದ 6 ಅಸೈನ್‌ಮೆಂಟುಗಳನ್ನು, 12 ವಾರದ್ದರಲ್ಲಿ 8ನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ, ತಿಂಗಳ ಕೊನೆಯ ಡಿಸ್ಪ್ಯಾಚ್ ಗಲಾಟೆಯಲ್ಲಿ ಒಂದು ವಾರ ಕೈತಪ್ಪಿದರೂ ಇಡೀ ಕೋರ್ಸು ಹಾಳಾಗುವುದಿಲ್ಲ. ಶಿಫ್ಟ್‌ನಲ್ಲಿ ಕೆಲಸ ಮಾಡುವವರಿಗೆ ಈ ಸಡಿಲಿಕೆ ಎಷ್ಟು ದೊಡ್ಡದೆಂದು ಬಿ ಶಿಫ್ಟ್ ಮುಗಿಸಿ ಮಧ್ಯರಾತ್ರಿ ಮನೆ ಸೇರುವವರಿಗೇ ಗೊತ್ತು.

ಪ್ರಮಾಣಪತ್ರ ಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30 ಬರಬೇಕು, ಎರಡೂ ಪ್ರತ್ಯೇಕವಾಗಿ. ಪ್ರತಿ ವಾರದ ಉತ್ತರಗಳು ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಹರಿದಾಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅವುಗಳನ್ನು ನೋಡಿ ಬರೆದವರು ಅಸೈನ್‌ಮೆಂಟಿನಲ್ಲಿ ಪೂರ್ತಿ ಅಂಕ ಪಡೆದರೂ, ಪರೀಕ್ಷಾ ಕೇಂದ್ರದಲ್ಲಿ ಮೇಲ್ವಿಚಾರಕರ ಎದುರು ಮೂರು ಗಂಟೆ ಕುಳಿತು ಆ 30 ಅಂಕಗಳನ್ನು ತಾವೇ ಸಂಪಾದಿಸಬೇಕು. ಆದ್ದರಿಂದಲೇ ಈ ಪ್ರಮಾಣಪತ್ರಕ್ಕೆ ಸಂದರ್ಶನಗಳಲ್ಲಿ ಒಂದಿಷ್ಟು ಬೆಲೆ ಉಳಿದಿದೆ ಎಂದು ನನ್ನ ಅಭಿಪ್ರಾಯ.

ಇದರ ಪಕ್ಕದಲ್ಲಿ, ಹೆಸರು ಹೇಳದೆ, ನಮ್ಮ ಕಂಪನಿಯೇ ಹಣ ಕೊಟ್ಟು ತಂದ ಇನ್ನೊಂದು ತರಬೇತಿ ತಂತ್ರಾಂಶದ ಮಾತನ್ನೂ ಹೇಳಬೇಕು. ಅಲ್ಲಿ ಎಣಿಕೆಗೆ ಬರುತ್ತಿದ್ದದ್ದು ವಿಡಿಯೊ ಓಡಿದ ಗಂಟೆಗಳು ಮಾತ್ರ. ಫೋನಿನಲ್ಲಿ ಪಾಠ ಹಚ್ಚಿ, ಧ್ವನಿ ಅಡಗಿಸಿ, ಲಾಕರಿನಲ್ಲಿಟ್ಟು ಲೈನಿಗೆ ಹೋದವರ ಹೆಸರಿನ ಮುಂದೆಯೂ ಶೇಕಡ ನೂರು ಎಂದು ಬಂತು. ಅದನ್ನೇ ಆಧಾರವಾಗಿಟ್ಟುಕೊಂಡು ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಎಂದು ತೋರಿಸುವ ಶಾಪ್ ಫ್ಲೋರಿನ ಸ್ಕಿಲ್ ಮ್ಯಾಟ್ರಿಕ್ಸ್ ಬೋರ್ಡಿನಲ್ಲಿ ಅವರ ವೃತ್ತಗಳ ಇನ್ನೊಂದು ಕಾಲುಭಾಗಕ್ಕೆ ಬಣ್ಣ ತುಂಬಲಾಯಿತು. ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949ರ ಪರಿಶೋಧನೆಗೆ ಬಂದವರು ಬೋರ್ಡು ನೋಡಿ ಒಪ್ಪಿ ತಲೆಯಾಡಿಸಿದರು, ಯಂತ್ರದ ಮುಂದೆ ಮಾತ್ರ ಏನೂ ಬದಲಾಗಿರಲಿಲ್ಲ.

ನಾನು ಮಾಡಿದ ಕೋರ್ಸುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದ್ ಅವರ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕೋರ್ಸು. 8 ವಾರಗಳ ಈ ಕೋರ್ಸಿನ ಪ್ರೋಗ್ರಾಮಿಂಗ್ ಅಸೈನ್‌ಮೆಂಟಿನಲ್ಲಿ ನಾವು ಬರೆದ ಕೋಡನ್ನು ಕಣ್ಣಿಗೆ ಕಾಣುವ ಕೆಲವು ಮಾದರಿಗಳ ಮೇಲೆ ಓಡಿಸಿ ನೋಡಬಹುದು, ಆದರೆ ಅಂಕ ನಿರ್ಧಾರವಾಗುವುದು ಗುಟ್ಟಾಗಿಟ್ಟ ಬೇರೆ ಮಾದರಿಗಳ ಮೇಲೆ. ಖಾಲಿ ಪಟ್ಟಿ ಬಂದರೆ ಏನಾಗುತ್ತದೆ, ಒಂದೇ ಸಂಖ್ಯೆ ಎರಡು ಸಲ ಬಂದರೆ ಏನಾಗುತ್ತದೆ ಎಂದು ಮುಂಚೆಯೇ ಯೋಚಿಸುವ ಅಭ್ಯಾಸವನ್ನು ಇದು ಕಲಿಸುತ್ತದೆ, ಮತ್ತು ಗುಣಮಟ್ಟ ವಿಭಾಗದವರಿಗೆ ಆ ಅಭ್ಯಾಸ ಹೊಸದೇನೂ ಅಲ್ಲ. ಪ್ರೋಗ್ರಾಮಿಂಗ್ ಎಂದರೆ ಅಳುಕುವವರು ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ 12 ವಾರಗಳ ಪೈಥಾನ್ ಕೋರ್ಸಿನಿಂದ ಆರಂಭಿಸುವುದು ವಾಸಿ, ಅದರ ನಡಿಗೆ ನಿಧಾನ.

ಐಐಟಿ ಮದ್ರಾಸಿನ 'ಡೇಟಾ ಸೈನ್ಸ್ ಫಾರ್ ಎಂಜಿನಿಯರ್ಸ್' ಮ್ಯಾಟ್ರಿಕ್ಸ್ ಮತ್ತು ಸಂಖ್ಯಾಶಾಸ್ತ್ರವನ್ನು ಮತ್ತೆ ತೆರೆಯುತ್ತದೆ. ಕಾಲೇಜು ಬಿಟ್ಟು ಬಹಳ ವರ್ಷವಾದವರಿಗೆ ಮೊದಲ ಎರಡು ವಾರ ಕಷ್ಟವೇ. ತಯಾರಿಕೆಯ ದೋಷಗಳನ್ನು ಅಂಕಿಅಂಶಗಳ ಮೂಲಕ ತಗ್ಗಿಸುವ ವಿಧಾನವಾದ ಸಿಕ್ಸ್ ಸಿಗ್ಮಾದ ಐಐಟಿ ಖರಗಪುರ ಕೋರ್ಸಿನಲ್ಲಿ ಅಳತೆ ವ್ಯವಸ್ಥೆಯ ವಿಶ್ಲೇಷಣೆಯವರೆಗೂ ಪಾಠವಿದೆ, ಆದರೆ ಅಳತೆಯ ಉಪಕರಣವನ್ನೇ ಪರೀಕ್ಷಿಸುವ ಗೇಜ್ ಆರ್ ಆಂಡ್ ಆರ್ ಮಾಡಿ ಕೈ ಪಳಗಿದವರಿಗೆ ಅದು ಬಹುಮಟ್ಟಿಗೆ ಪುನರಾವರ್ತನೆ. ಕಾರ್ಖಾನೆಯ ಯಂತ್ರಗಳನ್ನು ಅಂತರ್ಜಾಲಕ್ಕೆ ಜೋಡಿಸುವುದರ ಬಗೆಗಿನ, ಅಲ್ಲಿನದೇ ಇಂಡಸ್ಟ್ರಿ 4.0 ಕೋರ್ಸು ಪರಿಚಯಾತ್ಮಕವಾದದ್ದು: ಮೀಟಿಂಗಿನಲ್ಲಿ ಸೆನ್ಸರು, ಕ್ಲೌಡು ಎಂದು ಬರುವ ಮಾತುಗಳು ಅದರಿಂದ ಅರ್ಥವಾಗುತ್ತವೆ, ಕೈಗೆ ಕೆಲಸ ಬರುವುದಿಲ್ಲ.

ಕಲಿತದ್ದು ಎಲ್ಲಿ ಉಪಯೋಗಕ್ಕೆ ಬಂತು ಎಂಬುದಕ್ಕೆ ಒಂದು ಉದಾಹರಣೆ. ನಮ್ಮಲ್ಲಿ ಒಂದು ಹೌಸಿಂಗ್‌ನ (ಹೊರಕವಚದ) ಬೋರ್, ಅಂದರೆ ಒಳರಂಧ್ರದ ವ್ಯಾಸವನ್ನು ಸಿಎಂಎಂ ಎಂಬ ಸೂಕ್ಷ್ಮ ಅಳತೆಯ ಯಂತ್ರದಲ್ಲಿ ಅಳೆದು, ಫೈಲುಗಳಿಂದ ಎಕ್ಸೆಲ್‌ಗೆ ಕೈಯಲ್ಲೇ ಇಳಿಸಿ, ಅಳತೆಗಳು ಒಪ್ಪಿತ ಮಿತಿಯೊಳಗೆ ಎಷ್ಟು ಚೆನ್ನಾಗಿ ನಿಲ್ಲುತ್ತಿವೆ ಎಂದು ಹೇಳುವ ಸಿಪಿಕೆ ಸಂಖ್ಯೆಯನ್ನು ವಾರಕ್ಕೊಂದರಂತೆ ತೆಗೆದು ಕಳಿಸುತ್ತಿದ್ದೆವು. ಪೈಥಾನ್ ಕಲಿತ ಮೇಲೆ ಎಲ್ಲ ಫೈಲುಗಳನ್ನೂ ಒಟ್ಟಿಗೆ ಓದಿ, ಪ್ರತಿ ಬಿಡಿಭಾಗದ ಅಳತೆಯನ್ನು ಅದು ಯಂತ್ರದಿಂದ ಹೊರಬಂದ ಕ್ರಮದಲ್ಲೇ ಗೆರೆಯಾಗಿ ಎಳೆದು ತೋರಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆದೆ. ಲೋಹ ಕತ್ತರಿಸುವ ಇನ್ಸರ್ಟ್ (ಉಪಕರಣದ ಬದಲಿಸಬಹುದಾದ ತುದಿ) ಸವೆದಂತೆ ಬೋರ್ ಮೈಕ್ರಾನ್ ಮೈಕ್ರಾನಾಗಿ ಕಿರಿದಾಗುತ್ತ ಬಂದು, ಇನ್ಸರ್ಟನ್ನು ತಿರುಗಿಸಿ ಹೊಸ ಮೂಲೆ ಬಳಸಿದ ಕೂಡಲೇ ಒಮ್ಮೆಗೇ ಮೇಲಕ್ಕೆ ಹಾರುವುದು ಗರಗಸದ ಹಲ್ಲುಗಳಂತೆ ಕಾಣಿಸಿತು. ಆ ಯಂತ್ರವನ್ನು ವರ್ಷಗಟ್ಟಲೆ ನಡೆಸಿದ ಆಪರೇಟರ್ ಅದನ್ನು ನೋಡಿ, "ಇದು ನಂಗೆ ಗೊತ್ತಿದ್ದಿದ್ದೇ ಸಾರ್, ನಿಮ್ಮ ರಿಪೋರ್ಟಲ್ಲಿ ಕಾಣ್ತಿರಲಿಲ್ಲ ಅಷ್ಟೇ" ಎಂದರು. ಈ ಸವೆತವನ್ನು ಸರಿದೂಗಿಸಲು ಎಷ್ಟು ಬಿಡಿಭಾಗಗಳಿಗೊಮ್ಮೆ ಯಂತ್ರಕ್ಕೆ ಆಫ್‌ಸೆಟ್ (ತಿದ್ದುಪಡಿ) ಕೊಡಬೇಕೆಂಬುದನ್ನು ಅವರೊಂದಿಗೆ ಕುಳಿತು ನಿಗದಿ ಮಾಡಿದೆವು. ಇದಕ್ಕೆ ಕೋರ್ಸಿನ ಐದನೆಯ ವಾರದವರೆಗಿನ ಪಾಠವೇ ಹೆಚ್ಚುಕಡಿಮೆ ಸಾಕಾಗಿತ್ತು. ಹೆಚ್ಚು ದುರ್ಲಭವಾಗಿದ್ದದ್ದು ಸಿಎಂಎಂ ಫೈಲುಗಳ ಫೋಲ್ಡರನ್ನು ತೆರೆದುಕೊಟ್ಟು "ಮಾಡಿ ನೋಡಿ" ಎಂದ ವಿಭಾಗದ ಮುಖ್ಯಸ್ಥರ ಅನುಮತಿ. ನನ್ನ ಜೊತೆಯಲ್ಲೇ ಅದೇ ಕೋರ್ಸು ಮಾಡಿ ನನಗಿಂತ ಹೆಚ್ಚು ಅಂಕ ಪಡೆದ, ಬೇರೆ ಕಂಪನಿಯ ಗೆಳೆಯರೊಬ್ಬರಿಗೆ ಅಂಥ ಫೋಲ್ಡರು ಸಿಗಲಿಲ್ಲ, ಆರು ತಿಂಗಳಲ್ಲಿ ಅವರಿಗೆ ಅರ್ಧ ಮರೆತುಹೋಗಿತ್ತು.

ಮಿತಿಗಳು ವ್ಯವಸ್ಥೆಯ ಸ್ವರೂಪದಿಂದಲೇ ಬಂದವು. ಕಲಿಯುವವರಲ್ಲಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರೇ ಹೆಚ್ಚಾದ್ದರಿಂದ ಚರ್ಚೆಯ ಪ್ರಶ್ನೆಗಳೂ ಪರೀಕ್ಷೆಯ ಸುತ್ತಲೇ ತಿರುಗುತ್ತವೆ. ಕಾರ್ಖಾನೆಯ ಸಮಸ್ಯೆಯನ್ನು ಅಲ್ಲಿಟ್ಟು ಉತ್ತರ ನಿರೀಕ್ಷಿಸುವಂತಿಲ್ಲ. ಬೇಕೆಂದಾಗ ಪರೀಕ್ಷೆ ಬರೆಯಲು ಬರುವುದಿಲ್ಲ, ಒಂದು ಅವಧಿ ತಪ್ಪಿದರೆ ಅದೇ ಕೋರ್ಸು ಮತ್ತೆ ಬರುವವರೆಗೆ ಕಾಯಬೇಕು. ಪಾಠ ಬಹುತೇಕ ಇಂಗ್ಲಿಷಿನಲ್ಲಿ. ಕೆಲವು ಕೋರ್ಸುಗಳ ಪಾಠಗಳ ಲಿಖಿತ ರೂಪ ಕನ್ನಡದಲ್ಲಿಯೂ ಇದೆ. ಐಟಿಐ ಓದಿದ ನಮ್ಮ ಹುಡುಗರು ಮೊದಲು ಅದನ್ನು ಓದಿ, ಆಮೇಲೆ ವಿಡಿಯೊ ನೋಡುವ ಕ್ರಮ ಹಿಡಿದರು, ಅದು ಚೆನ್ನಾಗಿಯೇ ನಡೆಯಿತು. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಸೆಟ್ಟಿಂಗ್, ಸಿಎಂಎಂ ಪ್ರೋಬಿಂಗ್‌ನಂಥ ಕೈಕೆಲಸ ಕಲಿಯಬೇಕಾದವರು ಇಲ್ಲಿ ಹುಡುಕದೆ, 1972ರಲ್ಲಿ ಡೆನ್ಮಾರ್ಕ್ ಸಹಯೋಗದೊಂದಿಗೆ ಆರಂಭವಾಗಿ ಈಗ ರಾಜ್ಯದ ಹಲವೆಡೆ ಕೇಂದ್ರಗಳನ್ನು ಹೊಂದಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಅಲ್ಪಾವಧಿ ಕೋರ್ಸುಗಳನ್ನು ವಿಚಾರಿಸುವುದು ಒಳ್ಳೆಯದು.

ನನ್ನ ಮಟ್ಟಿಗೆ ಇದಕ್ಕೆ ಐದರಲ್ಲಿ ನಾಲ್ಕು ಅಂಕ. ನೌಕರರನ್ನು ಇದಕ್ಕೆ ಸೇರಿಸಲು ಯೋಚಿಸುವ ಕಂಪನಿಗಳು ಶುಲ್ಕವನ್ನು ಪಾಸಾದ ಮೇಲೆ ಮರಳಿಸುತ್ತೇವೆ ಎನ್ನುವ ಬದಲು ಮೊದಲೇ ಕಟ್ಟಲಿ, ವಾರಕ್ಕೆ ಎರಡು ಗಂಟೆಯನ್ನು ಶಿಫ್ಟಿನೊಳಗೇ ಕೊಡಲಿ. ಆ ಗಂಟೆಗಳ ಮುಂದೆ ಪರೀಕ್ಷೆಯ ಶುಲ್ಕ ದೊಡ್ಡ ಮೊತ್ತವಲ್ಲ. ಸ್ವಂತ ಖರ್ಚಿನಲ್ಲಿ ಸೇರುವವರು 4 ವಾರದ ಕೋರ್ಸಿನಿಂದ ತೊಡಗಬಹುದು, ಅಥವಾ ಉದ್ದದ ಕೋರ್ಸುಗಳಲ್ಲಿ ಪರೀಕ್ಷೆಯ ನೋಂದಣಿ ಪಾಠಗಳು ಆರಂಭವಾಗಿ ಕೆಲವು ವಾರಗಳವರೆಗೆ ತೆರೆದಿರುವುದರಿಂದ, ಮೊದಲ ಎರಡು ಅಸೈನ್‌ಮೆಂಟುಗಳನ್ನು ಮಾಡಿ ನೋಡಿದ ಮೇಲೆಯೇ ಶುಲ್ಕ ಕಟ್ಟಬಹುದು.