ಎಚ್‌ಎಸ್‌ಎಂಎಸ್-2850 ಡಿಟೆಕ್ಟರ್ ಡಯೋಡ್: ಸಣ್ಣ ಸಿಗ್ನಲ್‌ಗೆ ಸೈ, ದೊಡ್ಡದಕ್ಕೆ ಬೇಡ

ಬಯಾಸ್ (ಹೊರಗಿನಿಂದ ಕೊಡುವ ಸಣ್ಣ ಡಿಸಿ ಕರೆಂಟ್) ಕೊಡದೆಯೇ ಮೈಕ್ರೋವಾಟ್ ಮಟ್ಟದ ಆರ್‌ಎಫ್ (ರೇಡಿಯೋ ಆವರ್ತನದ) ಸಿಗ್ನಲ್ ಹಿಡಿದು ಡಿಸಿ ಮಾಡುವುದರಲ್ಲಿ ಈ ಶಾಟ್ಕಿ ಡಯೋಡ್ ನಿಜಕ್ಕೂ ಚೆನ್ನಾಗಿದೆ. ಸ್ಯಾಚುರೇಷನ್ ಕರೆಂಟ್ (ರಿವರ್ಸ್ ದಿಕ್ಕಿನಲ್ಲಿ ಸೋರುವ ಕರೆಂಟ್) 3 ಮೈಕ್ರೋಆಂಪಿಯರ್‌ನಷ್ಟು ಹೆಚ್ಚು ಇರುವುದೇ ಅದಕ್ಕೆ ಕಾರಣ. ಆದರೆ ಬ್ರೇಕ್‌ಡೌನ್ ವೋಲ್ಟೇಜ್, ಅಂದರೆ ರಿವರ್ಸ್ ದಿಕ್ಕಿನಲ್ಲಿ ಡಯೋಡ್ ತಡೆಯಬಲ್ಲ ವೋಲ್ಟೇಜ್, ಬರೀ 3.8 ವೋಲ್ಟ್. ಬಹಳ ಮಂದಿ ಎಡವುವುದು ಇಲ್ಲೇ.

ಡಯೋಡ್ ಆಫ್ ಇರುವಾಗ ಅದರ ಮೇಲೆ ಬೀಳುವುದು ಆರ್‌ಎಫ್ ಪೀಕ್ ಒಂದೇ ಅಲ್ಲ. ಔಟ್‌ಪುಟ್ ಕೆಪಾಸಿಟರ್‌ನಲ್ಲಿ ತುಂಬಿದ ಡಿಸಿಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಇವೆರಡೂ ಹೆಚ್ಚುಕಡಿಮೆ ಸಮ. ಹಾಗಾಗಿ ಒಂದು ಡಯೋಡ್‌ನಿಂದ 3.8ರ ಅರ್ಧ, ಅಂದರೆ ಸುಮಾರು 1.9 ವೋಲ್ಟ್‌ಗಿಂತ ಹೆಚ್ಚು ಡಿಸಿ ನಿರೀಕ್ಷಿಸಬೇಡಿ. 1 ಕಿಲೋಓಮ್ ಲೋಡ್ ಇದ್ದರೆ ಅದು 3.6 ಮಿಲಿವಾಟ್ ಆಯಿತು. ಇನ್‌ಪುಟ್ ಇನ್ನೂ ಏರಿಸಿದರೆ ರಿವರ್ಸ್ ಕರೆಂಟ್ ಹರಿದು ಕೆಪಾಸಿಟರ್‌ನ ಚಾರ್ಜ್ ಸೋರಿಹೋಗುತ್ತದೆ. ಔಟ್‌ಪುಟ್ ಅಲ್ಲಿಗೇ ನಿಂತು ಡಯೋಡ್ ಬಿಸಿಯಾಗತೊಡಗುತ್ತದೆ.

50 ಓಮ್ ಲೈನಿನ ವೋಲ್ಟೇಜ್ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಲೈನನ್ನು ಡಯೋಡಿಗೆ ಹೊಂದಿಸುವ ಮ್ಯಾಚಿಂಗ್ ನೆಟ್‌ವರ್ಕಿನ ಕ್ಯೂ (ಅನುರಣನದ ತೀಕ್ಷ್ಣತೆ) ಹೆಚ್ಚಿದಷ್ಟೂ ಡಯೋಡಿನ ಮೇಲಿನ ವೋಲ್ಟೇಜೂ ಏರುತ್ತದೆ. ಲೋಡ್ ಕಳಚಿ ಪವರ್ ಕೊಡುವುದಂತೂ ಬೇಡವೇ ಬೇಡ.

ಪವರ್ ಹೆಚ್ಚಿದ್ದರೆ ಇದೇ ಎಚ್‌ಎಸ್‌ಎಂಎಸ್ ಸಾಲಿನಲ್ಲಿ 7 ವೋಲ್ಟ್ ಬ್ರೇಕ್‌ಡೌನ್ ಇರುವ 2860, ಇಲ್ಲವೇ 15 ವೋಲ್ಟಿನ 2820 ತೆಗೆದುಕೊಳ್ಳಿ. ಆದರೆ 2820ರ ಜಂಕ್ಷನ್ ಕೆಪಾಸಿಟೆನ್ಸ್ (ಡಯೋಡಿನೊಳಗೇ ಇರುವ ಕೆಪಾಸಿಟೆನ್ಸ್) 0.7 ಪಿಕೋಫ್ಯಾರಡ್, 2850ರದು 0.18. 2.45 ಗಿಗಾಹರ್ಟ್ಸ್‌ಗೆ ಮ್ಯಾಚಿಂಗ್ ಮಾಡಲು ಕೂತಾಗ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ.